ಯಾವ ಹೆಸರು ಬರೆಯಲಿ?

ಎರಡು ಭಾಷೆಗಳು ಕೂಡುವ ಸೀಮೆಯಲ್ಲಿ ಬಾಳುವವರಿಗೆ ಒಂದು ವಸ್ತುವಿಗೆ ಎರಡು ಹೆಸರಿರುವುದು ವಿಸ್ಮಯದ ಸಂಗತಿಯಲ್ಲ. ನಮಗೆ ಹತ್ತಿರದ ಪಟ್ಟಣವು ಕನ್ನಡಿಗರ ಬಾಯಲ್ಲಿ ಆದವಾನಿ, ಸರ್ಕಾರದ ಕಾಗದದಲ್ಲಿ ಆದೋನಿ. ನಮ್ಮ ಪೆದ್ದಕಡುಬೂರಾದರೋ ತೆಲುಗಿನ ವಿಶೇಷಣವೊಂದನ್ನು ತಲೆಯ ಮೇಲೆ ಹೊತ್ತುಕೊಂಡು, ಹಲವು ಮನೆಗಳೊಳಗೆ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಆಡುತ್ತ ಸುಖವಾಗಿಯೇ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರವು ಮದರಾಸಿನಿಂದ ಬೇರ್ಪಟ್ಟು, ಬಳ್ಳಾರಿ ಜಿಲ್ಲೆಯ ಹೆಚ್ಚಿನ ಭಾಗವು ಮೈಸೂರನ್ನು ಸೇರಿ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಿಗೆ ಬಂದಂದಿನಿಂದ, ಎರಡು ಹೆಸರುಗಳ ನಡುವೆ ಎಡವದೆ ನಡೆಯುವ ವಿದ್ಯೆಯು ನಮಗೆ ಕರಗತವಾಗಿದೆ. ಆದರೆ ಊರಿಗೆ ಎರಡು ಹೆಸರಿರುವುದು ಬೇರೆ, ಮನುಷ್ಯನಿಗೆ ಎರಡು ಹೆಸರಿದ್ದು ಒಂದನ್ನು ಹೇಳುವೆಡೆಯಲ್ಲಿ ಇನ್ನೊಂದನ್ನು ಮುಚ್ಚಿಡಬೇಕಾಗಿ ಬರುವುದು ಬೇರೆ ಎಂಬುದನ್ನು ನನಗೆ ತೋರಿಸಿಕೊಟ್ಟವನು ಗುಂಟೂರು ಸೀಮೆಗೆ ಮೆಣಸಿನಕಾಯಿ ಕೀಳಲು ಹೋಗಿ ಬೇಸಗೆಯಲ್ಲಿ ಹಿಂದಿರುಗಿದ ಒಬ್ಬ ಕೂಲಿಗಾರ.

ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಬೇಡಿದವರಿಗೆ ಅರ್ಜಿ ಬರೆದುಕೊಡುವುದು ನನ್ನ ಅಭ್ಯಾಸವಾಗಿದೆ. ಆತನ ಮಗಳು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿದ್ದಳು. ಕಾಲೇಜಿನ ವಿದ್ಯಾರ್ಥಿವೇತನಕ್ಕೆ ಜಾತಿಯ ಪ್ರಮಾಣಪತ್ರ ಬೇಕಾಗಿತ್ತು. ಕಟ್ಟೆಯ ಮೇಲೆ ಕುಳಿತು, ಪ್ಲಾಸ್ಟಿಕ್ ಚೀಲದೊಳಗಿಂದ ಅವನು ಎರಡು ಕಾಗದಗಳನ್ನು ತೆಗೆದು ನನ್ನ ಮುಂದೆ ಹರಡಿದ. ಮೊದಲನೆಯದು ಅವನ ಶಾಲೆಯ ದಾಖಲೆ. ಅದರಲ್ಲಿ ಅವನಿಗೆ ಹನುಮಂತನ ಹೆಸರು. ಎರಡನೆಯದು ನಾಲ್ಕು ಮಡಿಕೆಯ ಗೆರೆಗಳಲ್ಲಿ ಸವೆದು ಬಿರಿಯತೊಡಗಿದ್ದ ಜ್ಞಾನಸ್ನಾನದ ಚೀಟಿ. ಅದರಲ್ಲಿ ಅವನಿಗೆ ಸಂತ ಯೋಸೇಫನ ಹೆಸರು. "ಇದ್ರಾಗ ಯಾವ ಹೆಸರು ಬರೀತೀರಿ ಸಾರ್?" ಎಂದು ಕೇಳಿದ. ಮನೆಯಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರಪ್ಪ ಎಂದರೆ, ಅಮ್ಮ ಇರುವತನಕ ಈ ಹೆಸರು, ಕೂಲಿಗೆ ಕರೆದೊಯ್ಯುವ ಮೇಸ್ತ್ರಿಗೆ ಆ ಹೆಸರು ಎಂದು ಎರಡೂ ಕಾಗದಗಳನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕೆಂಪು ಟೊಪ್ಪಿಗಿ ಸ್ವಾಮಿಗಳು ನಮ್ಮ ಜಿಲ್ಲೇದೋರೇ ಅಂತೆ; ರೋಮಿಗೆ ಹೋಗಿ ಪೋಪನ್ನ ಆರಿಸಿ ಬಂದ್ರಂತೆ. ಅಂಥೋರಿಗೂ ಎಲ್ಡು ಹೆಸರು ಇರ್ತಾವೇನು ಸಾರ್?" ಎಂದು ಕೇಳಿದ.

ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಅವನು ಕೇಳಿದ್ದು ಕಾರ್ಡಿನಲ್ ಅಂತೋನಿ ಪೂಲ ಅವರನ್ನು ಕುರಿತು. 1961ರಲ್ಲಿ ಅಂದಿನ ಕರ್ನೂಲು ಜಿಲ್ಲೆಯ ಪೋಲೂರಿನ ಬಡ ಕುಟುಂಬವೊಂದರಲ್ಲಿ ಹುಟ್ಟಿ, ಏಳನೆಯ ತರಗತಿಗೇ ಓದು ನಿಂತು, ಮಿಷನರಿಗಳ ನೆರವಿನಿಂದ ಮತ್ತೆ ಪುಸ್ತಕ ಹಿಡಿದು, 1992ರಲ್ಲಿ ಗುರುದೀಕ್ಷೆಯನ್ನು ಪಡೆದ ಈ ಮಹನೀಯರು, 2008ರಲ್ಲಿ ನಮ್ಮ ಕರ್ನೂಲು ಧರ್ಮಪ್ರಾಂತ್ಯಕ್ಕೇ ಧರ್ಮಾಧ್ಯಕ್ಷರಾಗಿ ಬಂದರು. ತೆಲುಗಿನಲ್ಲಿ ಮೇತ್ರಾಸನವೆಂದು ಕರೆಯಲ್ಪಡುವ ಈ ಪ್ರಾಂತ್ಯವು 1967ರಲ್ಲಿ ಸ್ಥಾಪಿತವಾದುದು. ಆದವಾನಿಯ ಸೀಮೆಯೂ ಅನಂತಪುರದ ಬಯಲೂ ಅದರ ಆಡಳಿತಕ್ಕೆ ಒಳಪಟ್ಟಿವೆ. 2020ರ ನವೆಂಬರಿನಲ್ಲಿ ಪೂಲ ಅವರು ಹೈದರಾಬಾದಿನ ಮಹಾಧರ್ಮಾಧ್ಯಕ್ಷರಾಗಿ ನಿಯುಕ್ತರಾದರು. 2022ರ ಆಗಸ್ಟ್ 27ರಂದು ಪೋಪ್ ಫ್ರಾನ್ಸಿಸ್ ಅವರಿಗೆ ಕಾರ್ಡಿನಲ್ ಪದವಿಯ ಕೆಂಪು ಟೊಪ್ಪಿಗೆಯನ್ನು ತೊಡಿಸಿದಾಗ, ಆ ಪದವಿಗೆ ಏರಿದ ಮೊದಲ ತೆಲುಗರೂ ಮೊದಲ ದಲಿತರೂ ಅವರೆಂದು ಪತ್ರಿಕೆಗಳು ಬರೆದುವು. ನೆತ್ತರನ್ನು ಚೆಲ್ಲುವುದಕ್ಕೂ ಸಿದ್ಧನಿರಬೇಕೆಂಬುದು ಆ ಕೆಂಪಿನ ಅರ್ಥವೆಂದು ಕಥೋಲಿಕರು ಹೇಳುತ್ತಾರೆ. ನೆತ್ತರಿನ ಮಾತು ದೂರದ್ದು. ಹತ್ತಿರದ ಮಾತೆಂದರೆ, ಆ ಬಣ್ಣವು ನನ್ನ ಕಟ್ಟೆಯ ಮೇಲೆ ಕುಳಿತಿದ್ದ ಮನುಷ್ಯನ ಎರಡು ಕಾಗದಗಳಿಗೆ ಏನನ್ನು ಮಾಡಬಲ್ಲದು ಎಂಬುದು.

ಈ ಪ್ರಶ್ನೆಯು ಎಷ್ಟು ತೀಕ್ಷ್ಣವಾದುದೆಂಬುದು ತಿಳಿಯಬೇಕಾದರೆ 2025ರ ಬೇಸಗೆಯ ಹದಿನೆಂಟು ದಿನಗಳನ್ನು ನೆನೆದುಕೊಂಡರೆ ಸಾಕು. ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ದಿವಂಗತರಾದರು. ಭಾರತ ಸರ್ಕಾರವು ಮೂರು ದಿನಗಳ ಶೋಕಾಚರಣೆಯನ್ನು ಘೋಷಿಸಿ ರಾಷ್ಟ್ರಧ್ವಜವನ್ನು ಅರ್ಧಕ್ಕೆ ಇಳಿಸಿತು. 26ರಂದು ನಡೆದ ಅಂತ್ಯಸಂಸ್ಕಾರದಲ್ಲಿ ರಾಷ್ಟ್ರಪತಿಗಳು ಸ್ವತಃ ಹಾಜರಿದ್ದು ದೇಶದ ಗೌರವವನ್ನು ಸಲ್ಲಿಸಿದರು. ನಾಲ್ಕು ದಿನಗಳ ತರುವಾಯ, 30ರಂದು, ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು, ಪಾದ್ರಿಯೊಬ್ಬರು ತಮ್ಮನ್ನು ಕೆಲವರು ಜಾತಿಯ ಹೆಸರಿನಿಂದ ನಿಂದಿಸಿ ಹೊಡೆದರೆಂದು ಸಲ್ಲಿಸಿದ್ದ ದೂರಿನ ವಿಷಯದಲ್ಲಿ, ಕ್ರೈಸ್ತಧರ್ಮವನ್ನು ಅವಲಂಬಿಸಿದವನು ಆ ಕ್ಷಣದಿಂದಲೇ ಪರಿಶಿಷ್ಟ ಜಾತಿಯವನಲ್ಲವಾದ್ದರಿಂದ ದೌರ್ಜನ್ಯ ತಡೆ ಕಾಯಿದೆಯ ಆಸರೆಯು ಅವನಿಗೆ ದೊರೆಯದೆಂದು ತೀರ್ಪು ಕೊಟ್ಟಿತು. ಮತ್ತೆ ಎಂಟು ದಿನಗಳು ಕಳೆಯಲು, ಮೇ 8ರಂದು, ಸಿಸ್ಟೈನ್ ಮಂದಿರದ ಮುಚ್ಚಿದ ಬಾಗಿಲುಗಳ ಹಿಂದೆ 133 ಮಂದಿ ಕಾರ್ಡಿನಲ್ಲರು ಹೊಸ ಪೋಪರನ್ನು ಆರಿಸಿದರು. ಅವರಲ್ಲಿ ನಾಲ್ವರು ಭಾರತೀಯರು, ಆ ನಾಲ್ವರಲ್ಲಿ ಒಬ್ಬರು ನಮ್ಮ ಪೋಲೂರಿನ ಮಗ. ಜಗತ್ತಿನ ನೂರನಲವತ್ತು ಕೋಟಿ ಕಥೋಲಿಕರಿಗೆ ಗುರುವನ್ನು ಆರಿಸುವ ಅಧಿಕಾರವು ದಲಿತನೊಬ್ಬನಿಗೆ ಲಭಿಸಿದ ವಾರದ ಹಿಂದಿನ ವಾರದಲ್ಲಿಯೇ, ಅದೇ ಆಂಧ್ರದಲ್ಲಿ, ಅದೇ ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಂಡವನಿಗೆ ಹೊಡೆತ ಬಿದ್ದ ಕಾರಣವು ಜಾತಿಯೆಂದು ಹೇಳಿಕೊಳ್ಳುವ ಅಧಿಕಾರವೂ ಉಳಿಯಲಿಲ್ಲ.

ಅಂದು ಆಯ್ಕೆಯಾದ ರಾಬರ್ಟ್ ಪ್ರೆವೋಸ್ಟ್ ಎಂಬ ಗುರುಗಳು ತಮ್ಮ ಹೆಸರನ್ನು ಬಿಟ್ಟು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ತಾಳಿದರು. ಕೂಲಿಗಾರನ ಪ್ರಶ್ನೆಗೆ ಉತ್ತರವು ಅಲ್ಲಿಯೇ ಇದೆ: ಎತ್ತರದಲ್ಲಿರುವವರಿಗೂ ಎರಡು ಹೆಸರುಗಳುಂಟು. ಮೊದಲನೆಯ ಪೋಪನೆಂದು ಸಭೆಯು ಪೂಜಿಸುವ ಬೆಸ್ತನಿಗೆ ಸಿಮೋನನೆಂಬುದು ತಂದೆಯಿಟ್ಟ ಹೆಸರು, ಪೇತ್ರನೆಂಬುದು ಗುರುವಿಟ್ಟ ಹೆಸರು. ಭಕ್ತಿಮಾರ್ಗದಲ್ಲಿ ಹೊಸ ಹೆಸರೆಂಬುದು ಹೊಸ ಜನ್ಮದ ಗುರುತು. ದೀಕ್ಷೆ ಪಡೆದವರು ಪೂರ್ವಾಶ್ರಮದ ನಾಮವನ್ನು ತೊರೆಯುವುದು ನಮ್ಮ ಮಠಗಳಲ್ಲಿಯೂ ಪುರಾತನ ಸಂಪ್ರದಾಯ. ತುಂಗಭದ್ರೆಯ ತೀರದಲ್ಲಿ, ನಮ್ಮಿಂದ ಕೆಲವೇ ಹರಿದಾರಿಗಳ ದೂರದಲ್ಲಿ ಮಂತ್ರಾಲಯದ ಬೃಂದಾವನದಲ್ಲಿರುವ ಗುರುಗಳೂ ಸಂನ್ಯಾಸಕ್ಕೆ ಮುಂಚೆ ವೇಂಕಟನಾಥರಾಗಿದ್ದವರೇ ಅಲ್ಲವೆ? ಮೇಲಿನವರಿಗೆ ಎರಡನೆಯ ಹೆಸರು ಕಿರೀಟವಾಗುತ್ತದೆ. ಕೆಳಗಿನವನಿಗೆ ಅದೇ ಎರಡನೆಯ ಹೆಸರು ಮಗಳ ವಿದ್ಯಾರ್ಥಿವೇತನವನ್ನು ಕಳೆಯುವ ಸಾಕ್ಷ್ಯವಾಗುತ್ತದೆ. ಈ ವ್ಯತ್ಯಾಸವನ್ನು ಹುಟ್ಟಿಸಿದುದು ದೇವರೂ ಅಲ್ಲ, ಭಾಷೆಯೂ ಅಲ್ಲ. 1950ರ ಆಗಸ್ಟ್ 10ರ ದಿನಾಂಕವನ್ನು ಹೊತ್ತಿರುವ ಒಂದು ಆದೇಶದ ಮೂರನೆಯ ಕಂಡಿಕೆ.

ಪರಿಶಿಷ್ಟ ಜಾತಿಗಳ ಪಟ್ಟಿಯನ್ನು ಪ್ರಕಟಿಸಿದ ರಾಷ್ಟ್ರಪತಿಗಳ ಆ ಆದೇಶವು, ಹಿಂದೂ ಧರ್ಮದಿಂದ ಭಿನ್ನವಾದ ಧರ್ಮವನ್ನು ಅನುಸರಿಸುವವನು ಆ ಪಟ್ಟಿಗೆ ಸೇರತಕ್ಕವನಲ್ಲವೆಂದು ವಿಧಿಸಿತು. 1956ರಲ್ಲಿ ಸಿಖ್ಖರಿಗೂ, 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು. ಕ್ರೈಸ್ತರಿಗೂ ಮುಸಲ್ಮಾನರಿಗೂ ತೆರೆಯಲಿಲ್ಲ. ಇದರ ಫಲವೇನೆಂಬುದನ್ನು ಮದರಾಸಿನ ಬೀದಿಬದಿಯಲ್ಲಿ ಕುಳಿತು ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರ ವ್ಯಾಜ್ಯದಲ್ಲಿ ಕಾಣಬಹುದು. ಬೀದಿಬದಿಯ ಚಮ್ಮಾರರಿಗೆ ಸರ್ಕಾರವು ಪುಕ್ಕಟೆಯಾಗಿ ಹಂಚಿದ ಪೆಟ್ಟಿಗೆ ಅಂಗಡಿಗಳು, ಅದೇ ಸಾಲಿನಲ್ಲಿ ಅದೇ ಕಸುಬು ಮಾಡುತ್ತಿದ್ದ ಅವರಿಗೆ ಕ್ರೈಸ್ತರೆಂಬ ಕಾರಣದಿಂದ ದೊರೆಯಲಿಲ್ಲ. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೊಸ ಧರ್ಮದೊಳಗೂ ಜಾತಿಯ ಬಾಧೆಯು ಹಿಂದಿನಷ್ಟೇ ಕಠೋರವಾಗಿ ಮುಂದುವರಿದಿದೆಯೆಂಬುದನ್ನು ಆಧಾರಸಹಿತ ತೋರಿಸಬೇಕೆಂದು ಹೇಳಿ ಅವರ ಅರ್ಜಿಯನ್ನು ತಳ್ಳಿಹಾಕಿತು. 2007ರಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರರ ಆಯೋಗವು ಜಾತಿಯ ಸ್ಥಾನಮಾನಕ್ಕೂ ಧರ್ಮಕ್ಕೂ ಇರುವ ಗಂಟನ್ನು ಬಿಡಿಸಬೇಕೆಂದು ಶಿಫಾರಸು ಮಾಡಿತು. ಆಂಧ್ರದ ವಿಧಾನಸಭೆಯು 2023ರ ಮಾರ್ಚಿನಲ್ಲಿ ದಲಿತ ಕ್ರೈಸ್ತರ ಪರವಾಗಿ ನಿರ್ಣಯವೊಂದನ್ನು ಅಂಗೀಕರಿಸಿತು. ನಮ್ಮ ರಾಜ್ಯದಲ್ಲಿ ಮತಾಂತರ ಹೊಂದಿದ ಪರಿಶಿಷ್ಟರಿಗೆ ಹಿಂದುಳಿದ ವರ್ಗಗಳ 'ಸಿ' ಗುಂಪಿನಲ್ಲಿ ಶೇಕಡಾ 1ರಷ್ಟು ಸ್ಥಾನವುಂಟು. ಅಷ್ಟು ಸಣ್ಣ ಬಾಗಿಲಿನ ಮುಂದೆ ನಿಲ್ಲುವುದಕ್ಕಿಂತ ಹಳೆಯ ಹೆಸರಿನಿಂದ ಹಳೆಯ ಬಾಗಿಲಿನಲ್ಲಿಯೇ ನಡೆದುಹೋಗುವುದು ಲೇಸೆಂದು ಅನೇಕರು ಬಗೆದರೆ ಅಚ್ಚರಿಯಿಲ್ಲ.

ಇದು ಮೋಸವಲ್ಲವೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲವೆಂದು ಸಾರಿ ಜನರನ್ನು ಕರೆದವರು, ಕರೆದ ಮೇಲೆ ಜಾತಿಯ ಸೌಲಭ್ಯವನ್ನು ಕೇಳುವುದು ಹೇಗೆ ಎಂಬುದು ಒಂದು ಆಕ್ಷೇಪ. ಇದ್ದಷ್ಟೇ ರೊಟ್ಟಿಯನ್ನು ಇನ್ನಷ್ಟು ಮಂದಿಗೆ ಹಂಚಿದರೆ ಹಿಂದೂ ದಲಿತನ ತಟ್ಟೆಯಲ್ಲಿ ಎಷ್ಟು ಉಳಿದೀತು ಎಂಬುದು ಮತ್ತೊಂದು. ಇದು ಹಸಿದವನ ಆಕ್ಷೇಪವಾದ್ದರಿಂದ ಮೊದಲನೆಯದಕ್ಕಿಂತ ಹೆಚ್ಚಿನ ಗೌರವಕ್ಕೆ ಅರ್ಹವಾದುದು. ಎರಡನೆಯದಕ್ಕೆ ಪರಿಹಾರವು ಪಾಲಿನ ಪ್ರಮಾಣವನ್ನು ಜನಸಂಖ್ಯೆಗೆ ಅನುಸಾರವಾಗಿ ಹಿಗ್ಗಿಸುವುದರಲ್ಲಿದೆ. ಹಾಗೆ ಹಿಗ್ಗಿಸದೆ ಬಾಗಿಲನ್ನಷ್ಟೇ ತೆರೆಯುವುದು ಬಡವರನ್ನು ಬಡವರ ಮೇಲೆ ಎತ್ತಿಕಟ್ಟಿದಂತಾಗುವುದು. ಮೊದಲನೆಯದಕ್ಕೆ ಉತ್ತರವು ನಮ್ಮ ಊರಿನ ನೆಲದಲ್ಲಿಯೇ ಬರೆದಿದೆ. ಸಿಖ್ ಮತವೂ ಬೌದ್ಧ ಮತವೂ ಜಾತಿಯನ್ನು ಒಪ್ಪುವುದಿಲ್ಲ. ಆದರೂ ಗುರುದ್ವಾರದಿಂದ ಹೊರಬಂದ ದಲಿತನನ್ನು ಊರು ಗುರುತಿಸುವ ರೀತಿ ಬದಲಾಗಲಿಲ್ಲವೆಂಬುದನ್ನು ಕಾನೂನು ಒಪ್ಪಿಕೊಂಡಿತು. ಜ್ಞಾನಸ್ನಾನದ ನೀರು ಹಣೆಯ ಮೇಲೆ ಬಿದ್ದ ಮಾತ್ರಕ್ಕೆ ಕೇರಿಯು ಊರ ನಡುವಿಗೆ ಬಂದು ನಿಲ್ಲುವುದಿಲ್ಲ. ನನ್ನ ಕಟ್ಟೆಗೆ ಬಂದವನು ಭಾನುವಾರ ಬಲಿಪೂಜೆಯಲ್ಲಿ ಯೋಸೇಫನಾಗಿ ಮೊಣಕಾಲೂರಿ, ಸೋಮವಾರ ಹೊಲದ ಯಜಮಾನನ ಮುಂದೆ ಎಂದಿನ ಜಾತಿಯವನಾಗಿಯೇ ಕೈಕಟ್ಟಿ ನಿಲ್ಲುತ್ತಾನೆ. ಅವನ ಎರಡು ಬಾಳುಗಳಲ್ಲಿ ಯಾವುದೂ ಸುಳ್ಳಲ್ಲ, ಒಂದನ್ನೇ ಆರಿಸಿಕೋ ಎನ್ನುವ ಕಾಗದವೇ ಸುಳ್ಳನ್ನು ಬೇಡುತ್ತದೆ.

ಇಷ್ಟು ಹೇಳಿ ಕಾನೂನಿನ ಮೇಲೆಯೇ ಹೊರೆಯನ್ನೆಲ್ಲ ಹೊರಿಸಿದರೆ ಲೇಖನವು ಅರ್ಧಸತ್ಯವಾಗುವುದು. ಜಾತಿಯು ಕಥೋಲಿಕ ಸಭೆಯೊಳಕ್ಕೆ ಕಳ್ಳದಾರಿಯಿಂದ ನುಗ್ಗಿದುದಲ್ಲ. ಅದನ್ನು ಮುಂಬಾಗಿಲಿನಿಂದಲೇ ಕರೆತಂದರು. ಹದಿನೇಳನೆಯ ಶತಮಾನದಲ್ಲಿ ರೊಬೆರ್ತೊ ದೆ ನೊಬಿಲಿ ಮಧುರೆಯಲ್ಲಿ ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ಅನುಸರಿಸಿ, ಆ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ದೊ ಚಿನ್ನಮಿಯವರೂ, ಹದಿನೆಂಟನೆಯ ಶತಮಾನದ ಆದಿಯಲ್ಲಿ ಪುಂಗನೂರು, ಚಿಕ್ಕಬಳ್ಳಾಪುರಗಳ ಮಾರ್ಗವಾಗಿ ರಾಯಲಸೀಮೆಯತ್ತ ಸಾಗಿದ ಫ್ರೆಂಚ್ ಜೆಸುಯಿಟರೂ, ಸಂನ್ಯಾಸಿಗಳ ವೇಷವನ್ನು ತೊಟ್ಟು, ಮಾಂಸಾಹಾರವನ್ನು ತ್ಯಜಿಸಿ, ದೇಶಭಾಷೆಗಳನ್ನು ಆಳವಾಗಿ ಕಲಿತು ಉಪದೇಶಿಸಿದರು. ನೆಲದ ನಡೆನುಡಿಗೆ ಅವರು ತೋರಿದ ಆದರವು ಮೆಚ್ಚತಕ್ಕುದೇ ಸರಿ. ಆದರೆ ಮೇಲ್ಜಾತಿಯವರು ಎಲ್ಲಿ ಹಿಂಜರಿದಾರೋ ಎಂಬ ಶಂಕೆಯಿಂದ, ಅದೇ ವೇಷಧಾರಿಗಳು ಅಸ್ಪೃಶ್ಯರೆನಿಸಿದವರ ಮನೆಗಳಿಗೆ ಹೋಗಲು ಅಂಜಿದರು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರ ಶಾಸನವು ಈ ವಿಷಯವನ್ನು ಕೈಗೆತ್ತಿಕೊಂಡಾಗ ಕಂಡುಕೊಂಡ ಪರಿಹಾರವಾದರೂ ಏನು? ಕೆಳಜಾತಿಗಳಿಗೆಂದೇ ಬೇರೆ ಗುರುಗಳನ್ನು ನೇಮಿಸುವುದು! ಹಾಗೆ ಬಂದ ಪಂಕ್ತಿಭೇದವು ಎಷ್ಟು ದೀರ್ಘಾಯುಷಿಯಾಯಿತೆಂದರೆ, 2016ರ ಡಿಸೆಂಬರಿನಲ್ಲಿ ಭಾರತದ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣವನ್ನು ಕುರಿತು ಪ್ರಕಟಿಸಿದ ನೀತಿಪತ್ರದಲ್ಲಿ, ಅಸ್ಪೃಶ್ಯತೆಯು ತನ್ನ ಸಭೆಯೊಳಗೆ ಇನ್ನೂ ಉಳಿದಿದೆಯೆಂದು ತಾನೇ ಒಪ್ಪಿಕೊಳ್ಳಬೇಕಾಯಿತು. ಆ ತಪ್ಪೊಪ್ಪಿಗೆಯಲ್ಲಿ ಧೈರ್ಯವಿದೆ. ಪಾಪನಿವೇದನೆಯ ಅನಂತರ ಪ್ರಾಯಶ್ಚಿತ್ತವನ್ನೂ ಮಾಡಬೇಕೆಂದು ಬೋಧಿಸುವವರು ಅವರೇ ಆಗಿರುವುದರಿಂದ, ಮುಂದಿನ ಹೆಜ್ಜೆಯೇನೆಂಬುದನ್ನು ಹೊರಗಿನವನಾದ ನಾನು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಆಗಸ್ಟ್ 10ನೆಯ ತಾರೀಖನ್ನು ದಲಿತ ಕ್ರೈಸ್ತರು ಕರಾಳ ದಿನವೆಂದು ಆಚರಿಸುತ್ತಾರೆ. ಅದೇ ತಾರೀಖು ಕಥೋಲಿಕ ಪಂಚಾಂಗದಲ್ಲಿ ಸಂತ ಲಾರೆನ್ಸರ ಹಬ್ಬ. ಕಾರ್ಕಳದ ಅತ್ತೂರಿನಲ್ಲಿ ಜಾತಿಮತಗಳನ್ನೆಣಿಸದೆ ಜನರು ಹರಕೆ ಹೊರುವುದು ಈ ಸಂತರಿಗೇ. ಮೂರನೆಯ ಶತಮಾನದ ರೋಮಿನಲ್ಲಿ ಸಭೆಯ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಈ ಸೇವಕನನ್ನು ಅಧಿಕಾರಿಗಳು ಕರೆಸಿ, ನಿಮ್ಮ ದೇವಾಲಯದ ನಿಧಿಯನ್ನೆಲ್ಲ ತಂದೊಪ್ಪಿಸು ಎಂದು ಆಜ್ಞಾಪಿಸಿದರಂತೆ. ಇದ್ದುದನ್ನೆಲ್ಲ ಹಂಚಿಬಿಟ್ಟಿದ್ದ ಲಾರೆನ್ಸ್, ಕುರುಡರನ್ನೂ ಕುಂಟರನ್ನೂ ನಿರ್ಗತಿಕರನ್ನೂ ಸಾಲಾಗಿ ಕರೆತಂದು ನಿಲ್ಲಿಸಿ, ನಿಧಿಯೆಂದು ಅವರನ್ನೇ ತೋರಿಸಿದರೆಂಬುದು ಪರಂಪರೆಯ ಕಥೆ. ಅದಕ್ಕೆ ಅವರು ಪ್ರಾಣವನ್ನು ತೆತ್ತರು. ಧಾರ್ಮಿಕ ನಾಯಕತ್ವದ ಕರ್ತವ್ಯವನ್ನು ಇದಕ್ಕಿಂತ ಸ್ಫುಟವಾಗಿ ಚಿತ್ರಿಸಿದ ಕಥೆಯನ್ನು ನಾನು ಕಾಣೆ: ಅಧಿಕಾರವು ಲೆಕ್ಕ ಕೇಳಿದಾಗ, ಲೆಕ್ಕಕ್ಕೆ ಬಾರದವರನ್ನು ಅದರ ಕಣ್ಣ ಮುಂದೆ ನಿಲ್ಲಿಸುವುದು.

ನಮ್ಮ ಸಾರ್ವಜನಿಕ ಜೀವನದಲ್ಲಿ ಈಗ ಭಕ್ತಿಗೇನೂ ಬರವಿಲ್ಲ. ಡಿಸೆಂಬರು ಬಂದರೆ ತೆಲುಗು ನಾಡಿನ ಎಲ್ಲ ಪಕ್ಷಗಳವರೂ 'ಸೆಮಿ ಕ್ರಿಸ್‌ಮಸ್' ಕೂಟಗಳನ್ನೇರ್ಪಡಿಸಿ, ಪಾದ್ರಿಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೇಕನ್ನು ಕತ್ತರಿಸಿ ಒಬ್ಬರ ಬಾಯಿಗೆ ಇನ್ನೊಬ್ಬರು ಇಡುತ್ತಾರೆ. ಸ್ನೇಹದ ಈ ಪ್ರದರ್ಶನವನ್ನು ನಾನು ಹಳಿಯುವುದಿಲ್ಲ; ದ್ವೇಷದ ಪ್ರದರ್ಶನಕ್ಕಿಂತ ಕೇಕು ಸಾವಿರ ಪಾಲು ಮೇಲು. ಆದರೆ ಕೇಕಿನ ತುಂಡಿಗೆ ಬಾಯಿ ತೆರೆದ ಗುರುಗಳು, ಮೂರನೆಯ ಕಂಡಿಕೆಯ ಮಾತಿಗೂ ಅದೇ ವೇದಿಕೆಯ ಮೇಲೆ ಬಾಯಿ ತೆರೆದರೆ ಆ ಸಂಜೆಯು ಸಾರ್ಥಕವಾದೀತು. ವೇದಿಕೆಯಿಲ್ಲದ ಭಕ್ತಿಯ ನಿದರ್ಶನವೂ ನಮ್ಮ ಸೀಮೆಗೆ ಹೊಸದಲ್ಲ. ಬಾರ್ಸಿಲೋನಾದಿಂದ ಜೆಸುಯಿಟರಾಗಿ ಬಂದ ವಿಸೆಂಟ್ ಫೆರರ್, ಮಹಾರಾಷ್ಟ್ರದ ಮನಮಾಡದಲ್ಲಿ ರೈತರೊಡನೆ ದುಡಿದು, 1968ರಲ್ಲಿ ದೇಶದಿಂದ ಹೊರಡಬೇಕಾಗಿ ಬಂದು, ಮರುವರ್ಷ ಹಿಂದಿರುಗಿ ಅನಂತಪುರದಲ್ಲಿ ನೆಲೆಸಿದರು. 1970ರಲ್ಲಿ ಗುರುಪಟ್ಟವನ್ನು ಬಿಟ್ಟು ಸಂಸಾರಿಯಾದರು. ನಿಲುವಂಗಿಯನ್ನು ಕಳಚಿದವರು ಕೆಲಸವನ್ನು ಕಳಚಲಿಲ್ಲ. ಬಾವಿ, ಬದು, ಶಾಲೆ, ಬತ್ತಲಪಲ್ಲಿಯ ಆಸ್ಪತ್ರೆ, ದಲಿತರ ಹೆಸರಿನಲ್ಲಿ ಕಟ್ಟಿದ ಪಕ್ಕಾ ಮನೆಗಳು ಎಂಬ ಕ್ರಮದಲ್ಲಿ ಅವರ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ನಾಲ್ಕು ದಶಕಗಳ ಕಾಲ ಬೆಳೆದು, 2009ರ ಜೂನಿನಲ್ಲಿ ಅವರು ತೀರಿಕೊಂಡಾಗ, ಅವರ ಧರ್ಮ ಯಾವುದೆಂದು ಎಂದೂ ವಿಚಾರಿಸದಿದ್ದ ಹಳ್ಳಿಗಳು ಅಂತ್ಯದರ್ಶನಕ್ಕೆ ಸಾಲುಗಟ್ಟಿ ಬಂದವು.

ಕೆಂಪು ಟೊಪ್ಪಿಗೆಯವರಿಂದ ನಾವು ಬಾವಿಯನ್ನು ತೋಡಿಸಬೇಕಾಗಿಲ್ಲ. ಅವರ ಕೈಯಲ್ಲಿರುವುದು ಫೆರರ್ ಅವರ ಕೈಯಲ್ಲಿ ಇರದಿದ್ದ ಒಂದು ವಸ್ತು, ಸಭೆಯ ಅಧಿಕಾರ. ಸ್ಮಶಾನದಲ್ಲಿ, ಧರ್ಮಕೇಂದ್ರದ ಸಮಿತಿಯಲ್ಲಿ, ಗುರುಮಠದ ಪ್ರವೇಶದಲ್ಲಿ, ಸಭೆಯ ಹೆಸರಾಂತ ಶಾಲೆಗಳ ಸೀಟುಗಳಲ್ಲಿ ದಲಿತ ಕಥೋಲಿಕನ ಪಾಲೆಷ್ಟೆಂಬುದನ್ನು ಅಂಕಿಗಳಲ್ಲಿ ಪ್ರತಿ ವರ್ಷ ಬಹಿರಂಗಪಡಿಸುವುದಕ್ಕೆ ಯಾವ ನ್ಯಾಯಾಲಯದ ಅಪ್ಪಣೆಯೂ ಬೇಡ, ಯಾವ ಕಂಡಿಕೆಯ ತಿದ್ದುಪಡಿಯೂ ಬೇಡ. ಸೂಸೈಯವರಿಂದ ನ್ಯಾಯಾಲಯವು 1985ರಲ್ಲಿ ಕೇಳಿದ ಆಧಾರವೂ ಅದೇ ಅಲ್ಲವೆ? ಸಭೆಯು ತನ್ನ ಒಳಗಣ ಜಾತಿಯನ್ನು ಮುಚ್ಚಿಟ್ಟಷ್ಟು ಕಾಲವೂ ಅದರ ದಲಿತ ಮಕ್ಕಳ ವ್ಯಾಜ್ಯ ಸೋಲುತ್ತದೆ. ತೆರೆದಿಟ್ಟ ದಿನ, ತನಗೆ ಅವಮಾನವಾದರೂ ಅವರಿಗೆ ಬಲ ಬರುತ್ತದೆ. ತನ್ನ ಕೀರ್ತಿಗೆ ನಷ್ಟವಾದೀತೆಂದು ತಿಳಿದೂ ಸತ್ಯವನ್ನು ಲೆಕ್ಕಪತ್ರದಲ್ಲಿ ಬರೆಯಿಸಬಲ್ಲವನಾರೋ ಅವನನ್ನು ನಾಯಕನೆನ್ನೋಣ. ಪೋಲೂರಿನಿಂದ ಹೊರಟು ಸಿಸ್ಟೈನ್ ಮಂದಿರದವರೆಗೆ ನಡೆದುಹೋದವರಿಗೆ ಈ ದೂರವು ದೊಡ್ಡದಾಗಲಾರದೆಂದು ನಂಬುತ್ತೇನೆ.

ಇನ್ನು ಆ ಅರ್ಜಿ. ತಂದೆಯ ಹೆಸರಿನೆದುರು ಅವನ ಇಚ್ಛೆಯಂತೆ ಶಾಲೆಯ ದಾಖಲೆಯ ಹೆಸರನ್ನು ಬರೆದೆ. ಜ್ಞಾನಸ್ನಾನದ ಚೀಟಿಯನ್ನು ಅವನು ಹಳೆಯ ಮಡಿಕೆಗಳಲ್ಲಿಯೇ ಮಡಿಸಿ ಅಂಗಿಯ ಒಳಜೇಬಿಗೆ ಸೇರಿಸಿದ. ಮಗಳಿಗೆ ಅವನಿಟ್ಟಿದ್ದುದು ಮಾತೆ ಮರಿಯಳ ಹೆಸರು, ಮರಿಯಮ್ಮ. ಅರ್ಜಿಯು ತೆಲುಗಿನದು, ಮೊದಲಕ್ಷರವನ್ನು ಬರೆದು ನನ್ನ ಲೇಖನಿಯು ಒಂದು ಕ್ಷಣ ನಿಂತಿತು. ಆ ಅಕ್ಷರಕ್ಕೊಂದು ದೀರ್ಘವನ್ನು ಕೊಟ್ಟರೆ ಅವಳು ಮಾರಿಯಮ್ಮನಾಗುತ್ತಾಳೆ, ಊರಮ್ಮನ ಹೆಸರಿನವಳಾಗುತ್ತಾಳೆ, ಕಚೇರಿಯಲ್ಲಿ ಯಾರೂ ಎರಡನೆಯ ಪ್ರಶ್ನೆಯನ್ನು ಕೇಳಲಾರರು. ನಾನು ಯಾಕೆ ನಿಂತೆನೆಂಬುದು ಅವನಿಗೆ ಅರ್ಥವಾಯಿತು. ಬಾಗಿಲ ಬಳಿ ನಿಂತಿದ್ದ ಹುಡುಗಿಯ ಕಡೆಗೊಮ್ಮೆ ನೋಡಿ ಮೆಲ್ಲನೆ ಹೇಳಿದ: "ದೀರ್ಘ ಕೊಡಬ್ಯಾಡ್ರಿ ಸಾರ್. ಅವ್ಳಿಗಾದ್ರೂ ಒಂದೇ ಇರ್ಲಿ."

ನಾನು ದೀರ್ಘವನ್ನು ಕೊಡಲಿಲ್ಲ.